ಮೂಸಿ ನೋಡುವ ಇಂಜಿನಿಯರು

ರಬಾಳೆಯ ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯ ಮೆಂಟೆನೆನ್ಸ್ ಇಂಜಿನಿಯರು ಕರೆಂಟು ಅಳೆಯುವ ಮಲ್ಟಿಮೀಟರನ್ನು ಪದಕದಂತೆ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಅದನ್ನು ಯಾವ ತಂತಿಗೂ ಮುಟ್ಟಿಸಿದ್ದನ್ನು ನಾನು ಕಾಣೆ. ಮಷೀನು ನಿಂತರೆ ಪ್ಯಾನೆಲ್ ತೆರೆದು ಮೂಸಿ, "ಬೋರ್ಡ್ ಹೋಯ್ತು ಮಾರಾಯ್ರೆ, ಹೊಸದು ಹಾಕುವ" ಎನ್ನುತ್ತಿದ್ದರು.

ಒಂದು ಆಯುಧಪೂಜೆಗೆ ಪ್ಯಾನೆಲ್ಲಿನ ಬಾಗಿಲು ಸಾಲದೆ, ಒಳಗಿನ ಬೋರ್ಡಿಗೇ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದರು. ಮಂಗಳಾರತಿ ಮುಗಿಸಿ ಮಷೀನು ಚಾಲೂ ಮಾಡಿದೊಡನೆ ಬೋರ್ಡು ಚಟ್ಟೆಂದು ಸುಟ್ಟಿತು.

"ಸಾರ್, ಒದ್ದೆ ಕುಂಕುಮದಿಂದ ಶಾರ್ಟ್ ಆಗಿದೆ" ಎಂದೆ.

ಮೂಸಿದರು. "ಬೋರ್ಡ್ ಹೋಯ್ತು ಮಾರಾಯ್ರೆ."

ಕರೆಂಟಿರುವಾಗಲೇ ಕೈಹಾಕಲು ಹೊರಟರು. ನಾನು ಓಡಿ ಮೇನ್ ಆಫ್ ಮಾಡದಿದ್ದರೆ ಮಷೀನಿಗೆ ಹಾಕಿದ್ದ ಹಾರ ಅವರ ಫೋಟೋಗೆ ಬೇಕಾಗುತ್ತಿತ್ತು.

ಹೊಸ ಬೋರ್ಡು ಕೂತಿತು. ಅವರು ಮತ್ತೆ ಕುಂಕುಮದ ಬಟ್ಟಲಿಗೆ ಬೆರಳದ್ದಿದರು.

"ಸಾರ್, ಏನು ಮಾಡ್ತಿದ್ದೀರಿ?"

"ಇದಕ್ಕೆ ಪೂಜೆ ಆಗ್ಲಿಲ್ಲ ಅಲ್ವಾ ಮಾರಾಯ್ರೆ?"