ಕಾತ್ಯಾಯಿನಿ ಮೇಡಂ ಮೇಲೆ ನಾನು ಹೊರಿಸಿದ ತಪ್ಪು

ನನ್ನ ಮಗಳ ಶಾಲಾ ನಾಯಕಿ ಪಟ್ಟ ಕಿತ್ತುಕೊಂಡವರು ಕಾತ್ಯಾಯಿನಿ ಮೇಡಂ ಅಲ್ಲ. ನಾನು. ಅವಳನ್ನು ಹೆತ್ತವಳು. ಇದರಲ್ಲಿ ಸುತ್ತಿ ಬಳಸಿ ಹೇಳುವುದಕ್ಕೆ ಏನೂ ಇಲ್ಲ.

ಮಗಳು ಗಿರಿಜ ಮೆಲ್ಬರ್ನಿನಲ್ಲಿದ್ದಾಳೆ. ಅಲ್ಲಿಯ ರಾಜ್ಯದ ವಿಧಾನಸಭೆಗೆ ಗೆದ್ದ ಶಾಸಕಿ. ಹೇಳುವಾಗ ಎದೆ ಉಬ್ಬುತ್ತದೆ — ಉಬ್ಬಲಿ, ಅದನ್ನೇಕೆ ಮುಚ್ಚಿಡಲಿ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳ ಮಗಳು. ಅಲ್ಲಿಗೆ ನರ್ಸಾಗಿ ಹೋದಳು. ಆಸ್ಪತ್ರೆಯಲ್ಲಿ ನೆಲ ಒರೆಸುವವರ ಪರವಾಗಿ ದೊಡ್ಡವರ ಎದುರು ನಿಂತು ಮಾತಾಡಿದಳು. ಮೊದಲ ಚುನಾವಣೆ ಸೋತಳು. ಸೋತ ಮರುವಾರವೇ ಮತ್ತೆ ಮನೆಮನೆಯ ಬಾಗಿಲು ತಟ್ಟಿದಳು. ಒಬ್ಬ ಅವಳ ಮೇಲೆ ನಾಯಿ ಬಿಟ್ಟನಂತೆ. "ಅದನ್ನೂ ಮಾತಾಡಿಸ್ಕೊಂಡು ಬಂದೆ ಕಣಮ್ಮ. ನಾಯಿಗೆ ಓಟಿದ್ದಿದ್ರೆ ನಂಗೇ ಹಾಕ್ತಿತ್ತು" ಎಂದು ಫೋನಿನಲ್ಲಿ ನಕ್ಕಳು. ಎರಡನೆಯ ಸಲ ಗೆದ್ದಳು.

ಅಲ್ಲಿ ಒಂದು ಪದ್ಧತಿ. ಗೆದ್ದವರು ಸದನದಲ್ಲಿ ಮೊದಲ ಸಲ ಎದ್ದು ನಿಂತಾಗ ತಾವು ಎಲ್ಲಿಂದ ಬಂದೆವು, ಯಾಕೆ ಬಂದೆವು ಎಂದು ಹೇಳುತ್ತಾರೆ. ಅಷ್ಟು ದೂರ ಹೋಗಲು ನನ್ನ ಮಂಡಿ ಬಿಡಲಿಲ್ಲ. ಇಲ್ಲೇ ಅಮೆರಿಕದ ಡರ್ಹಮ್‌ನಲ್ಲಿ, ಮಗನ ಮನೆಯ ಟಿವಿಯಲ್ಲಿ ನೋಡಿದೆ. ಗಿರಿಜ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಮೊಮ್ಮಗಳು ಪಕ್ಕದಲ್ಲಿ ಕೂತು ತನಗೆ ಬಂದ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಅತ್ತೆ ಸೆವೆಂತ್ ಗ್ರೇಡಲ್ಲಿ ಎಲೆಕ್ಷನ್ ವಿನ್ ಮಾಡಿದ್ರು. ಪ್ರಿನ್ಸಿಪಲ್ ಬೇರೆ ಗರ್ಲ್‌ಗೆ ಕೊಟ್ಟುಬಿಟ್ರು. ಅತ್ತೆ ಪೂರ್ ಅಂತ. ಸೋ ಮೀನ್, ಅಜ್ಜಿ!"

ಆ ಇಂಗ್ಲಿಷಿನ ನಡುವೆ ಕಾತ್ಯಾಯಿನಿ ಎಂಬ ಹೆಸರು ನನಗೂ ಕೇಳಿಸಿತು. ಅಂದಿನ ಅನ್ಯಾಯವೇ ತನ್ನನ್ನು ಇಲ್ಲಿ ತಂದು ನಿಲ್ಲಿಸಿತು ಎಂದಳಂತೆ. ಸದನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಡೆದದ್ದು ಇಷ್ಟು. ಆಗ ಮೈಸೂರಿನಲ್ಲಿ ನಾನು ಹಪ್ಪಳ ಒತ್ತಿ ಮಾರುತ್ತಿದ್ದೆ. ನಾಲ್ಕು ಗಂಟೆಗೆ ಗಿರಿಜ ಬಂದು ಲಟ್ಟಣಿಗೆ ಹಿಡಿಯಬೇಕು. ನಾಯಕಿಯಾದರೆ ಸಂಜೆ ಶಾಲೆಯಲ್ಲೇ ಉಳಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ — ಈ ಹುಡುಗಿ ವೇದಿಕೆ ಹತ್ತಿ ಮಾತು ಕಲಿತರೆ ನಾಳೆ ನನ್ನ ಮಾತು ಎಲ್ಲಿ ಕೇಳುತ್ತಾಳೆ ಎಂದು... ಹೌದು, ಅದೇ. ಶಾಲೆಗೆ ಹೋಗಿ ಹೆಡ್ ಮೇಡಂ ಕಾತ್ಯಾಯಿನಿಯವರ ಎದುರು ನಿಂತೆ.

"ಮಕ್ಕಳು ಆರಿಸಿದ್ದಾರೆ ಪುಟ್ಟಮ್ಮ. ತೆಗೆಯೋದಕ್ಕೆ ನಾನ್ಯಾರು, ನೀನ್ಯಾರು?" ಎಂದರು.

"ಹಾಗಾದ್ರೆ ನಾಳೆಯಿಂದ ಅವಳು ಶಾಲೆಗೇ ಬರಲ್ಲ" ಎಂದೆ.

ಅವರು ಕೇಳಿದ್ದು ಒಂದೇ: "ಮಗು ಯಾಕೆ ಅಂತ ಕೇಳಿದ್ರೆ?"

"ಏನಾದ್ರೂ ಹೇಳಿ. ನನ್ನ ಹೆಸರು ಬೇಡ."

ಹುಡುಗಿ ಶಾಲೆ ಬಿಡಬಾರದೆಂದು ಅವರು ತಪ್ಪನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡರು. ಸಂಜೆ ಗಿರಿಜ ಅಳುತ್ತಾ ಬಂದಳು. ಸೆರಗಿನಿಂದ ಅವಳ ಕಣ್ಣು ಒರೆಸಿ, "ಹಪ್ಪಳದವಳ ಮಗಳನ್ನ ಆಯಮ್ಮ ಯಾಕೆ ಮುಂದೆ ನಿಲ್ಲಿಸ್ತಾಳೆ?" ಎಂದೆ. ಆ ಮಾತು ಗಿರಿಜಳದಲ್ಲ, ನನ್ನದು. ಅವಳು ಅದನ್ನು ಸಮುದ್ರ ದಾಟಿಸಿ ಸದನದವರೆಗೆ ಹೊತ್ತಳು.

ಕಳೆದ ವರ್ಷ, ಇಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ರೆಸ್ಟನ್‌ನಲ್ಲಿ ಸೊಸೆಯ ತಂಗಿಯ ಗೃಹಪ್ರವೇಶ. ಊಟದ ಹೊತ್ತಿಗೆ ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಬೆನ್ನು ಮಾತ್ರ ಇನ್ನೂ ನೇರ. ನೋಡಿದೊಡನೆ ಗುರುತು ಸಿಕ್ಕಿತು, ಕಾತ್ಯಾಯಿನಿ ಮೇಡಂ. ಪಕ್ಕದ ಬೀದಿಯಲ್ಲೇ ಮಗಳ ಜೊತೆ ಇದ್ದಾರಂತೆ. ತಟ್ಟೆ ಹಿಡಿದುಕೊಂಡೇ ಹತ್ತಿರ ಹೋದೆ.

"ಹಪ್ಪಳದ ಪುಟ್ಟಮ್ಮ" ಎಂದರು. "ನಿನ್ನ ಮಗಳ ಭಾಷಣ ನೋಡಿದೆ. ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನಮ್ಮ ಶಾಲೆ ಹುಡುಗಿ ಅಂತ ಕಂಡವರಿಗೆಲ್ಲ ತೋರಿಸಿದೆ."

"ಮೇಡಂ, ಅದರಲ್ಲಿ ನಿಮ್ಮನ್ನ —"

"ನನ್ನ ಮಗಳು ಕೋಪ ಮಾಡ್ಕೊಂಡಳು. ಬಿಡು ಅಂದೆ." ಆಮೇಲೆ ದನಿ ಇಳಿಸಿದರು. "ಅಲ್ವೇ, ನೀನು ಅವಳಿಗೆ ಇನ್ನೂ ಹೇಳಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ, ಕಾಫಿಗೂ ಮೊದಲು, ಮಗನ ಕೈಯಲ್ಲಿ ಗಿರಿಜಳಿಗೆ ಫೋನ್ ಮಾಡಿಸಿದೆ. ಅಲ್ಲಿ ರಾತ್ರಿಯ ಊಟ ಮುಗಿಸಿ ಕೂತಿದ್ದಳು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹಪ್ಪಳದ ನೆವ ಹೇಳಲಿಲ್ಲ.

"ಅವತ್ತು ನೀನೇ ನನ್ನ ಕಣ್ಣು ಒರೆಸಿದೆ ಅಮ್ಮ" ಎಂದಳು.

"ಒರೆಸಿದೆ" ಎಂದೆ.

ಮತ್ತೆ ಮಾತಾಡಿದಾಗ ಅದು ಮಗಳ ದನಿಯಲ್ಲ, ಶಾಸಕಿಯ ದನಿ. "ಸದನದಲ್ಲಿ ತಪ್ಪು ಹೇಳಿದೀನಿ. ಸದನದಲ್ಲೇ ತಿದ್ದಬೇಕು. ಮೊದಲಿಂದ ಹೇಳು, ಬರ್ಕೋತೀನಿ." ಎದುರಿನ ಪಕ್ಷದವರು ನಗುತ್ತಾರೆಂದು ಅವಳಿಗೆ ಗೊತ್ತು. ಆದರೂ ಹಾಗೆಂದಳು. ಅಷ್ಟು ಸಂಕಟದ ನಡುವೆಯೂ ನನಗೆ ಹೆಮ್ಮೆಯಾಯಿತು, ಆಗಬಾರದಿತ್ತೇನೋ.

ಮೊದಲಿನಿಂದ ಹೇಳಿದೆ. ಕೊನೆಗೆ, "ನಿನ್ನ ಹೆಸರು ಬೇಡ. ಮನೆಯವರೊಬ್ಬರು ಅಂತ ಹೇಳ್ತೀನಿ" ಎಂದಳು.

"ಮೇಡಂ ಹೆಸರು ಹೇಳಿದ್ಯಲ್ಲ, ನನ್ನದೂ ಹೇಳು" ಎಂದೆ. "ಪುಟ್ಟಮ್ಮ ಅಂತ ಅಲ್ಲ. ಪುಟ್ಟಲಕ್ಷ್ಮಮ್ಮ. ಪೂರ್ತಿ."

ಒಂದೊಂದೇ ಅಕ್ಷರ ಹೇಳಿ ಬರೆಸಿದೆ.