ಟವೆಲ್ಲಿನ ಕೆಳಗಿನ ಕಪ್ಪು ಎರಡು

ನೊಗಕ್ಕೆ ಹೂಡಿದ ಎತ್ತನ್ನು ಮಧ್ಯಾಹ್ನಕ್ಕಾದರೂ ಬಿಚ್ಚುತ್ತಾರೆ. ಭಜನೆಗೆ ಕೂತ ಪೇಟಿ ಮಾಸ್ತರನಿಗೆ ಆ ಸವಲತ್ತು ಇಲ್ಲ. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೇಟಿ. ಮಂಗಳಾರತಿ ಆಗುವ ತನಕ ಅದನ್ನು ಬಿಟ್ಟು ಏಳುವಂತಿಲ್ಲ. ಎಡಕ್ಕೆ ಹಾಡುವವರು, ಬಲಕ್ಕೆ ತಬಲಾ, ಎದುರಿಗೆ ಪೇಟಿ, ಬೆನ್ನಿಗೆ ಗೋಡೆ. ಬ್ಯಾಂಕಿನಿಂದ ನಿವೃತ್ತನಾಗಿ ಜಲನಗರದ ಮನೆಯಲ್ಲಿ ಕಾಲು ಚಾಚಿ ಕೂರಬಹುದಾಗಿದ್ದ ನಾನು ಸ್ವಂತ ಖುಷಿಯಿಂದ ಈ ಚೌಕದೊಳಗೆ ಹೋಗಿ ಕೂತವನು. ಆದ್ದರಿಂದ ತಕರಾರು ಹೇಳಿಕೊಳ್ಳಲು ಮೇಲಧಿಕಾರಿಗಳಿಲ್ಲ.

ನಾವು ಮೂವರು. ಹಾಡುವವರು ತಿಕೋಟಾದ ಅಣ್ಣಾರು, ದ್ರಾಕ್ಷಿ ತೋಟದವರು. ತಬಲಾದವನು ಇಬ್ರಾಹಿಂಪುರದವನು, ಆಟೋ ಓಡಿಸುತ್ತಾನೆ. ನಮ್ಮನ್ನೂ ವಾದ್ಯಗಳನ್ನೂ ಹೇರಿಕೊಂಡು ಹೋಗುವವನೂ ಅವನೇ. ಹಾಡು ಶುರುವಾದ ಮೇಲೆ ನಮ್ಮ ನಡುವೆ ಮಾತಿಲ್ಲ. ಅಣ್ಣಾರ ಎಡಭುಜ ಕೊಂಚ ಇಳಿದರೆ ಪದ ಪಲ್ಲವಿಗೆ ಮರಳುತ್ತದೆ ಎಂದು ತಬಲಾಕ್ಕೆ ಗೊತ್ತು. ಅವರು ಎಳೆದುಕೊಳ್ಳುವ ಉಸಿರಿನ ಉದ್ದ ಕೇಳಿಯೇ ಈ ಸಲ ಮೇಲಕ್ಕೆ ಏರುತ್ತಾರೋ ಇಲ್ಲವೋ ಎಂದು ನನ್ನ ಬೆರಳು ತಿಳಿದುಕೊಳ್ಳುತ್ತದೆ. ಇಷ್ಟು ಲಕ್ಷ್ಯ ಕೊಟ್ಟು ನಾನು ಮನೆಯಲ್ಲಿ ಯಾರನ್ನೂ ಕೇಳಿಲ್ಲವೆಂಬುದು ನನ್ನ ಹೆಂಡತಿಯ ಬಹುಕಾಲದ ಅಭಿಪ್ರಾಯ.

ಈ ಕೇಳುವ ಚಟವೇ ನನ್ನನ್ನು ಸಿಕ್ಕಿಸಿತು. ಹೋದ ವರ್ಷದಿಂದ ಅಣ್ಣಾರ ಉಸಿರು ಗಿಡ್ಡವಾಗುತ್ತ ಬಂತು. ಅವರು ಹರೆಯದಿಂದ ಹಾಡಿದ್ದು ಕಪ್ಪು ಎರಡರಲ್ಲಿ, ಅಂದರೆ ಪೇಟಿಯ ಎರಡನೆಯ ಕಪ್ಪು ಪಟ್ಟಿಯನ್ನೇ ಸಾ ಎಂದು ಹಿಡಿದು. ಈಗ ಅಲ್ಲಿಂದ ಮೇಲೇರುವಾಗ ಗಂಟಲು ಒಡೆಯುತ್ತಿತ್ತು. ವಯಸ್ಸಾದಂತೆ ಸ್ವರ ಇಳಿಸಿಕೊಂಡು ಹಾಡುವುದು ಲೋಕರೂಢಿ. ಆದರೆ ಅಣ್ಣಾರು ಊರಿನ ಕಟ್ಟೆಯ ಮೇಲೆ, ಎಲ್ಲರೆದುರಿಗೆ, ಹಿಂದೊಮ್ಮೆ ಘೋಷಿಸಿಬಿಟ್ಟಿದ್ದರು: "ಕಪ್ಪು ಎರಡ ಬಿಟ್ಟು ಕೆಳಗ ಇಳಿಯೂ ದಿನಾ ಬಂದ್ರ, ಅವತ್ತ ನಾ ಹಾಡೂದ ಬಿಟ್ಟೆ ಅಂತ ತಿಳೀರಿ."

ಮಾತಿಗೆ ತಪ್ಪುವ ಮನುಷ್ಯರಾಗಿದ್ದರೆ ಚಿಂತೆ ಇರಲಿಲ್ಲ. ಯಾವುದೋ ಸಿಟ್ಟಿನಲ್ಲಿ ಒಮ್ಮೆ ಚಹಾ ಬಿಟ್ಟೆನೆಂದವರು ಇಂದಿಗೂ ಎಲ್ಲರ ನಡುವೆ ಕೂತು ಬಿಸಿನೀರು ಕುಡಿಯುತ್ತಾರೆ. ಹಾಡನ್ನೂ ಹಾಗೆಯೇ ಬಿಟ್ಟು ಕೂತ ಅಣ್ಣಾರನ್ನು ನೋಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಒಂದು ದಿನ ಅವರನ್ನು ತಿಕೋಟಾದಲ್ಲಿ ಇಳಿಸಿ ಬರುವಾಗ ತಬಲಾದವನು ಆಟೋದ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಸರ, ಕಾಕಾನ ದನಿ ಹೊಂಟೈತ್ರಿ."

"ನನಗೇನ ಕಿವಿ ಇಲ್ಲೇನಲೇ?"

"ಅರ್ಧಾ ಸ್ವರ ಇಳಸೂಣ್ರಿ. ನೀವು ಕಪ್ಪು ಬಿಟ್ಟು ಅದರ ಮಗ್ಗಲದ ಬಿಳಿ ಎರಡ ಹಿಡೀರಿ, ನಾ ತಬಲಾದ ಸ್ವರಾನೂ ಇಳಿಸಿ ತರತೇನಿ."

"ಅವರು ಮಗ್ಗಲದಾಗ ಕೂಡತಾರ. ಕಪ್ಪು ಯಾವುದು ಬಿಳಿ ಯಾವುದು ಕಾಣೂದಿಲ್ಲೇನು?"

"ಕೈಮ್ಯಾಲ ಒಂದ ಟವೆಲ್ ಹೊಚಗೋರಿ. ಕೈ ಬೆವರತಾವು ಅನ್ರಿ."

ಹೀಗೆ ನಾನು, ಯಾವ ವೈದ್ಯರನ್ನೂ ಕಾಣದೆ, ಅಂಗೈ ಬೆವರುವ ರೋಗಿಯಾದೆ.

ಬಬಲೇಶ್ವರದಲ್ಲಿ ಒಂದು ಹೊಸ ಮನೆಯ ವಾಸ್ತುಶಾಂತಿ. ಬೆಳಗಿನ ಭಜನೆ. ಪ್ಲಾಸ್ಟಿಕ್ ಬಿಚ್ಚದ ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನನ್ನನ್ನು ತುರುಕಿದ್ದರು. ಇಷ್ಟು ವರ್ಷ ಕಪ್ಪಿನ ಮೇಲೆ ಬಾಳಿದ ಬೆರಳು ಟವೆಲ್ಲಿನ ಕೆಳಗೆ ಮತ್ತೆ ಮತ್ತೆ ಹಳೆಯ ಮನೆಯ ಕಡೆಗೆ ಹೊರಡುತ್ತಿತ್ತು. ಅದನ್ನು ಹಿಡಿದೆಳೆಯುವುದರಲ್ಲಿ ಕೈ ನಿಜವಾಗಿಯೂ ಬೆವೆತಿತು. ಅಣ್ಣಾರು ಏರಿದರು. ಗಂಟಲು ಒಡೆಯಲಿಲ್ಲ. ಹೆಣ್ಣುಮಕ್ಕಳು ಅಡುಗೆಮನೆ ಬಿಟ್ಟು ಬಾಗಿಲಿಗೆ ಬಂದು ನಿಂತರು.

ಪದ ಮುಗಿದಾಗ ಮುಂದೆ ಕೂತಿದ್ದ ಒಬ್ಬರು, ಅವರೂ ಆ ಊರಿನ ಪೇಟಿ ಮಾಸ್ತರರಂತೆ, ತಲೆ ಓರೆ ಮಾಡಿ ಕೇಳಿದರು: "ಛಲೋ ಆತ್ರಿ. ಆದ್ರ ಇದು ಕಪ್ಪು ಎರಡ ಅನಸಲಿಲ್ಲಲ್ಲ? ಬಿಳಿ ಎರಡ ಇದ್ದಾಂಗ ಐತಿ."

ಮನೆಯೆಲ್ಲ ನನ್ನ ಟವೆಲ್ಲನ್ನು ನೋಡಿತು. ಏಳಲು ಫ್ರಿಜ್ಜು ಬಿಡುವುದಿಲ್ಲ, ಸುಳ್ಳಾಡಲು ನಾಲಿಗೆ ಏಳುವುದಿಲ್ಲ. ತಬಲಾದವನು ತನ್ನ ತಬಲಾವನ್ನು ಮೊದಲ ಸಲ ಕಂಡವನಂತೆ ಪರೀಕ್ಷಿಸತೊಡಗಿದ.

ಅಣ್ಣಾರು ತಮ್ಮ ಬದಿಯ ಟವೆಲ್ಲಿನ ಚುಂಗನ್ನು ಎತ್ತಿದರು. ಬಿಳಿ ಪಟ್ಟಿಯ ಮೇಲಿದ್ದ ನನ್ನ ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರೆಂದು ನನ್ನ ಲೆಕ್ಕ. ಆಮೇಲೆ ಚುಂಗನ್ನು ಮೊದಲಿದ್ದ ಹಾಗೆ ಮುಚ್ಚಿ, ಸುಕ್ಕು ಸವರಿದರು.

"ಕಪ್ಪು ಎರಡ ಐತ್ರಿ," ಎಂದರು. "ಇವರ ಪೇಟಿ ಭಾಳ ಹಳೇದು. ಸ್ವರ ಇಳದಾವು."

"ಹೌದ್ರಿ, ಒಟ್ಟ ಕೆಟ್ಟೈತಿ," ಎಂದು ತಬಲಾದವನು ಅವಸರದಲ್ಲಿ ಸೇರಿಸಿದ.

ಆ ಪೇಟಿಯನ್ನು ನಾನು ಹಿಂದಿನ ತಿಂಗಳಷ್ಟೇ ಮೀರಜಿಗೆ ಒಯ್ದು ಸ್ವರ ಕೂಡಿಸಿ ತಂದಿದ್ದೆ. ಅದರ ಮೇಲಿನ ಈ ಅಪವಾದವನ್ನು ತಲೆಬಾಗಿ ಒಪ್ಪಿಕೊಂಡೆ. ಅಣ್ಣಾರ ಎಡಭುಜ ಇಳಿಯಿತು. ಮೂವರೂ ಒಟ್ಟಿಗೆ ಮುಂದಿನ ಪದಕ್ಕೆ ಬಿದ್ದೆವು.

ಮರಳಿ ಬರುವಾಗ ಆಟೋದಲ್ಲಿ ಅವರು ಆ ವರ್ಷದ ದ್ರಾಕ್ಷಿಯ ಬಗ್ಗೆ ಮಾತಾಡಿದರು. ನಾವೂ ದ್ರಾಕ್ಷಿಯ ಬಗ್ಗೆಯೇ ಮಾತಾಡಿದೆವು.

ಕೆಲವು ದಿನಗಳಾದ ಮೇಲೆ ನನ್ನ ಮನೆಯಲ್ಲೇ ಪೂಜೆ, ಭಜನೆ. ಎಲ್ಲ ಬಯಲಾಗಿದೆಯಲ್ಲ, ಇನ್ನಾದರೂ ಬಿಡುಗಡೆ ಎಂದುಕೊಂಡು ನಾನು ಟವೆಲ್ಲನ್ನು ಬಚ್ಚಲಿನ ಗೂಟಕ್ಕೇ ಬಿಟ್ಟು ಬಂದೆ. ಅಣ್ಣಾರು ಬಂದು ಕೂತರು. ಬರಿಮೈಯಲ್ಲಿದ್ದ ಪೇಟಿಯನ್ನು ನೋಡಿದರು. ಹಾಡಲಿಲ್ಲ. ತಬಲಾ ಕಾಯಿತು, ನಾನು ಕಾದೆ. ಒಳಗಿನಿಂದ ಹೆಂಡತಿ ಇಣುಕಿ, "ಯಾಕ್ರಿ, ಏನ ಬೇಕಾಗಿತ್ತು?" ಎಂದಳು.

ಅಣ್ಣಾರು ತಮ್ಮ ಹೆಗಲ ಮೇಲಿನ ಶಲ್ಯ ತೆಗೆದು ನನ್ನ ಕೈಗಳ ಮೇಲೆ ಹೊದಿಸಿದರು.

"ನಿಮಗ ಕೈ ಬೆವರತಾವಲ್ಲ, ಪೇಟಿ ಮಾಸ್ತರ್ರ?"

"ಹೌದ್ರಿ ಅಣ್ಣಾರ."

"ಹಿಡೀರಿ ಮತ್ತ. ಕಪ್ಪು ಎರಡ."

ನಾನು ಬಿಳಿ ಎರಡು ಹಿಡಿದೆ. ಅವರು ಉಸಿರೆಳೆದುಕೊಂಡರು. ಬಬಲೇಶ್ವರದ ಉಸಿರಿಗಿಂತಲೂ ಅದು ಗಿಡ್ಡವಿತ್ತು. ಶಲ್ಯದ ಕತ್ತಲಲ್ಲಿ ನನ್ನ ಬೆರಳು ಯಾರನ್ನೂ ಕೇಳದೆ ಇನ್ನೂ ಒಂದು ಪಟ್ಟಿ ಕೆಳಗೆ, ಕಪ್ಪು ಒಂದಕ್ಕೆ ಜಾರಿತು. ತಬಲಾದವನು ನನ್ನ ಮುಖ ನೋಡದೆಯೇ, ತಬಲಾದ ಸ್ವರ ಇಳಿಸಲು ಸುತ್ತಿಗೆ ಎತ್ತಿಕೊಂಡ.