ನಡುಹೊಲದ ಬೆರಕೆ ಸೊಪ್ಪು

ಐವತ್ತರ ದಶಕದಲ್ಲಿ ನಾನು ಉಡಿಗಾಲದಿಂದ ಭೀಮನಬೀಡಿಗೆ ಸೊಸೆಯಾಗಿ ಬಂದೆ. ಅದೇ ವರ್ಷ ನನ್ನ ಗಂಡನೂ ಅವರ ಅಣ್ಣನೂ ಭಾಗವಾಗಿ ಮಾತು ಬಿಟ್ಟರು. ಪಾತ್ರೆ ಪಡಗ ಹಂಚಿಕೊಂಡದ್ದು ಸರಿ, ಜೋಡೆತ್ತನ್ನೂ ಒಂದೊಂದಾಗಿ ಹಂಚಿಕೊಂಡರು! ಒಂಟಿ ಎತ್ತಿನಲ್ಲಿ ಉಳುವುದು ಹೇಗೆಂದು ಇಬ್ಬರಿಗೂ ಹೊಳೆಯಲಿಲ್ಲ. ಉಳುಮೆ ಬಂದಾಗಲೆಲ್ಲ ಊರವರ ಎತ್ತು ಕೇಳಿಕೊಂಡು ಅಲೆಯುತ್ತಿದ್ದರು. ಇಬ್ಬರ ಪಾಲಿನ ನಡುವೆ ಉಳಿದ ನಡುಹೊಲ ಯಾರಿಗೆಂದು ತೀರ್ಮಾನವಾಗದೆ ಇಬ್ಬರೂ ಹಟಕ್ಕೆ ಬಿದ್ದು ಅದನ್ನು ಬೀಳು ಬಿಟ್ಟರು.

ಅತ್ತೆಗೆ ಹೊಲದ ಚಿಂತೆ ಇರಲಿಲ್ಲ. ಕಣ್ಣು ಮುಚ್ಚುವುದರೊಳಗೆ ಮಕ್ಕಳಿಬ್ಬರೂ ಜೊತೆಗೆ ಕೂತು, ಮಾತಾಡಿಕೊಂಡು ಉಣ್ಣಬೇಕು, ಅಷ್ಟೇ ಅವರ ಆಸೆ. ಅದನ್ನು ನನಗೆ ಹೊತ್ತುಗೊತ್ತಿಲ್ಲದೆ ಹೇಳುತ್ತಿದ್ದರು, ಮಕ್ಕಳಿಗೆ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಮೊದಲ ಮಳೆಗೆ ನಡುಹೊಲದಲ್ಲಿ ಅಣ್ಣೆ, ಕಿರೆ, ಗಣಿಕೆ ಸೊಪ್ಪುಗಳು ನಾ ಮುಂದು ತಾ ಮುಂದು ಎಂದು ಎದ್ದವು. ಮಡಿಲು ತುಂಬ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡಿದೆವು. "ಉಳದಿದ್ರೇ ಲಾಭ ಅಲ್ವಾ ಅತ್ತೆ?" ಎಂದೆ.

"ತಡಿ ಕಣಮ್ಮಿ, ಬರೋ ವರ್ಸ ನೋಡು" ಎಂದರು.

ಬರುವ ವರ್ಷ ಮೊಣಕಾಲುದ್ದ ಹುಲ್ಲು ಬೆಳೆದು ಸೊಪ್ಪನ್ನು ಬದುವಿಗೆ ತಳ್ಳಿತು. ಹುಲ್ಲಿನೊಳಗೆ ಗೌಜಲ ಹಕ್ಕಿ ಮರಿ ಮಾಡಿತು. ಅದರ ಮುಂದಿನ ವರ್ಷ ಹುಲ್ಲಿನ ಸೊಕ್ಕೂ ಮುರಿಯಿತು. ತಂಗಡಿ ಹಳದಿ ಹೂ ಬಿಟ್ಟು ಮೆರೆಯಿತು, ಲಂಟಾನ ಮುಳ್ಳು ಚಾಚಿತು. ಲಂಟಾನದ ಹಣ್ಣಿಗೆ ಪಿಕಳಾರ ಹಕ್ಕಿಗಳು ಬಂದವು. ಯಾವ ಹಕ್ಕಿ ಬೀಜ ಉದುರಿಸಿತೋ, ಪೊದೆಯ ನೆರಳಲ್ಲಿ ಒಂದು ಬೇವಿನ ಸಸಿ ತಲೆ ಎತ್ತಿತು. ಸೊಪ್ಪು ಹೇಳಹೆಸರಿಲ್ಲದಂತಾಯಿತು. ಯಾರ ಹೊಲದಲ್ಲಾದರೂ ಸೊಪ್ಪು ಕೀಳುವುದು ನಮ್ಮ ಕಡೆಯ ರೂಢಿ, ಯಾರೂ ಬೇಡವೆನ್ನುವುದಿಲ್ಲ. ಆದರೂ ಅತ್ತೆ ಮುನಿಸಿಕೊಂಡು ಬೆರಕೆ ಸಾರನ್ನೇ ನಿಲ್ಲಿಸಿಬಿಟ್ಟರು.

"ಇಂಗೇ ಬುಟ್ರೆ ಕಾಡಂದಿ ಬತ್ತವೆ. ಅವೇ ಬಂದು ಭಾಗ ಮಾಡ್ಕೊಡ್ಲಿ ಬುಡು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಚ್ಚು ಹಿಡಿದು ಒಬ್ಬರೇ ಹೋಗಿ ಲಂಟಾನ ಕಡಿಯತೊಡಗಿದರು. ನಾನು ಹಿಂದೆಯೇ ಓಡಿದೆ. ಮುದುಕಿಯ ಕೈಯೆಲ್ಲ ತರಚಿ ರಕ್ತ ಜಿನುಗುತ್ತಿತ್ತು. ನನಗೆ ಗಂಡನ ಮೇಲೂ ಭಾವನವರ ಮೇಲೂ ಮೈಯೆಲ್ಲ ಉರಿಯಿತು. ಸುದ್ದಿ ತಿಳಿದು ಇಬ್ಬರೂ ಬಂದು, ಮಾತಿಲ್ಲದೆ ಪೊದೆಯನ್ನೆಲ್ಲ ಕಡಿದರು. ಬೇವಿನ ಸಸಿಗೆ ಮಾತ್ರ ಅತ್ತೆ ಅಡ್ಡ ನಿಂತರು. ಮಾರನೆಯ ದಿನ ಅಣ್ಣತಮ್ಮಂದಿರು ತಮ್ಮ ತಮ್ಮ ಎತ್ತು ಹೊಡೆದುಕೊಂಡು ಬಂದು ಒಂದೇ ನೊಗಕ್ಕೆ ಕಟ್ಟಿದರು. ಎತ್ತುಗಳು ಹಳೆಯ ಗುರುತಿಗೆ ಒಂದನ್ನೊಂದು ನೆಕ್ಕಿದವು. ಈ ಗಂಡಸರು ಮಾತ್ರ ಎತ್ತಿನೊಡನೆಯೇ ಮಾತಾಡಿದರು.

"ಏ, ಅಲ್ಲಿ ಕಲ್ಲದೆ, ಕಾಣಾಕಿಲ್ವಾ?" ಎಂದು ಭಾವನವರು ಎತ್ತನ್ನು ಗದರಿದರೆ, ಪಕ್ಕಕ್ಕೆ ಸರಿಯುತ್ತಿದ್ದವರು ನನ್ನ ಗಂಡ.

ಮಳೆ ಬಿತ್ತು. ಅಷ್ಟು ವರ್ಷ ಮಣ್ಣಲ್ಲಿ ಮಲಗಿದ್ದ ಬೀಜಗಳೆಲ್ಲ ಎದ್ದು, ಉತ್ತ ಹೊಲದ ತುಂಬ ಮತ್ತೆ ಅಣ್ಣೆ, ಕಿರೆ, ಗಣಿಕೆ! ಅತ್ತೆ ದೊಡ್ಡ ಮಡಕೆಯಲ್ಲಿ ಸಾರಿಗಿಟ್ಟು ಇಬ್ಬರಿಗೂ ಹೇಳಿಕಳಿಸಿದರು. ಅಣ್ಣತಮ್ಮಂದಿರು ಗೋಡೆ ನೋಡಿಕೊಂಡು ಉಣ್ಣುತ್ತಿದ್ದರು. ಅರ್ಧ ಮುದ್ದೆ ಮುಗಿದ ಮೇಲೆ ಭಾವನವರು ತಮ್ಮನ ಕಡೆ ತಿರುಗಿದರು.

"ಉಪ್ಪು ಕಮ್ಮಿ ಅದೆ ಕಣ್ಲಾ."

"ಊ ಕಣಣ್ಣ, ವಸಿ ಕಮ್ಮಿನೇ" ಎಂದರು ನನ್ನ ಗಂಡ.

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ಉಪ್ಪು ಹಾಕಿದವಳು ನಾನು, ಹದವಾಗಿಯೇ ಇತ್ತು. ಆದರೂ ಸುಮ್ಮನೆ ಎದ್ದು ಹೋಗಿ ಉಪ್ಪಿನ ಮರಿಗೆಯನ್ನು ತಂದು ಇಬ್ಬರ ನಡುವೆ ಇಟ್ಟೆ.